ಕಣ್ಣೀರಿನ ಹಾಗೂ ಲಾಲಾರಸ ಗ್ರಂಥಿಗಳ ಸ್ವಪ್ರತಿರಕ್ಷಣಾ ಊತ (ಮಿಕುಲಿಚ್ ಕಾಯಿಲೆ): ರೋಗ ನಿರ್ಣಯ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಎರಡೂ ಕಣ್ಣುಗಳ ಮೇಲ್ರೆಪ್ಪೆಯ ಹೊರ ಅಂಚಿನಲ್ಲಿ, ಕಿವಿಗಳ ಮುಂಭಾಗದಲ್ಲಿ ಅಥವಾ ದವಡೆಯ ಕೆಳಗೆ ನೋವಿಲ್ಲದ ಊತ ಕಾಣಿಸಿಕೊಂಡು, ಅದು ತಿಂಗಳುಗಟ್ಟಲೆ ಇಳಿಯದೇ ಇದ್ದಲ್ಲಿ ಅದಕ್ಕೆ ಹಲವು ಕಾರಣಗಳಿರಬಹುದು. ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಗ್ರಂಥಿಗಳ ಮೇಲೆ ತಿರುಗಿಬೀಳುವುದರಿಂದ ಉಂಟಾಗುವ ಊತವು ಈ ಕಾರಣಗಳಲ್ಲಿ ಒಂದು. ಇದನ್ನು ಮಿಕುಲಿಚ್ ಕಾಯಿಲೆ ಎಂದು ಕರೆಯಲಾಗುತ್ತಿದ್ದು, ಈಗ ಐಜಿಜಿ4 ಸಂಬಂಧಿತ ಕಾಯಿಲೆಯ ಒಂದು ರೂಪವೆಂದು ಪರಿಗಣಿಸಲಾಗಿದೆ. ಸದರಿ ಕಾಯಿಲೆಯನ್ನು ಪತ್ತೆ ಹಚ್ಚುವ ಕ್ರಮ, ಮಾಡಿಸಬೇಕಾದ ಪರೀಕ್ಷೆಗಳು, ವರದಿಗಳ ಅರ್ಥ ಮತ್ತು ರೋಗಿಯು ಕಾಯ್ದಿಟ್ಟುಕೊಳ್ಳಬೇಕಾದ ದಾಖಲೆಗಳ ಬಗ್ಗೆ ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ. ಈ ಮಾಹಿತಿಯು ವೈದ್ಯರ ಸಲಹೆಗೆ ಬದಲಿಯಲ್ಲ.

ಉಳಿದೆಲ್ಲಕ್ಕಿಂತ ಮೊದಲು ಸಾರ್ವಜನಿಕರು ಒಂದು ವಿಷಯವನ್ನು ಗಮನಿಸತಕ್ಕದ್ದು. ಊತವಿರುವ ಗ್ರಂಥಿಯ ಒಂದು ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸುವ ಮೊದಲು, ತಜ್ಞ ವೈದ್ಯರ ಸೂಚನೆ ಇಲ್ಲದೆ ಸ್ಟಿರಾಯ್ಡ್ ಮಾತ್ರೆಗಳನ್ನಾಗಲೀ ಚುಚ್ಚುಮದ್ದನ್ನಾಗಲೀ ತೆಗೆದುಕೊಳ್ಳಬಾರದು. ಇದಕ್ಕೆ ಕಾರಣಗಳನ್ನು ಮುಂದೆ ವಿವರಿಸಲಾಗಿದೆ.

ಗ್ರಂಥಿಗಳು ಮತ್ತು ಊತದ ಲಕ್ಷಣಗಳು

ಕಣ್ಣೀರಿನ ಗ್ರಂಥಿಯು ಪ್ರತಿ ಕಣ್ಣಿನ ಮೇಲ್ಭಾಗದ ಹೊರ ಮೂಲೆಯಲ್ಲಿ, ಹುಬ್ಬಿನ ಎಲುಬಿನ ಒಳಬದಿಯಲ್ಲಿ ಇರುತ್ತದೆ. ಇದು ಊದಿಕೊಂಡಾಗ ಮೇಲ್ರೆಪ್ಪೆಯು ಹೊರಬದಿಯಲ್ಲಿ ದಪ್ಪವಾಗಿ ಕೆಳಗೆ ಜೋತುಬೀಳುತ್ತದೆ. ನಿದ್ದೆಗೆಟ್ಟಿರಬಹುದು, ವಯಸ್ಸಾಯಿತು ಅಥವಾ ಮುಖಕ್ಕೆ ನೀರು ಸೇರಿಕೊಂಡಿದೆ ಎಂದು ಭಾವಿಸಿ ಹಲವರು ಬಹುಕಾಲ ಸುಮ್ಮನಿರುವುದುಂಟು. ದೊಡ್ಡ ಲಾಲಾರಸ ಗ್ರಂಥಿಗಳು ಮೂರು ಜೋಡಿ: ಕಿವಿಯ ಮುಂದೆ ಒಂದು, ದವಡೆಯ ಕೆಳಗೆ ಒಂದು, ನಾಲಿಗೆಯ ಕೆಳಗೆ ಒಂದು. ಇವಲ್ಲದೆ ತುಟಿ ಮತ್ತು ಕೆನ್ನೆಯ ಒಳಪದರದಲ್ಲಿ ನೂರಾರು ಕಿರು ಗ್ರಂಥಿಗಳಿವೆ.

ಮಿಕುಲಿಚ್ ಕಾಯಿಲೆಯ ಊತವು ಸಾಮಾನ್ಯವಾಗಿ ಎರಡೂ ಬದಿಯಲ್ಲಿ ಸಮನಾಗಿರುತ್ತದೆ. ಮುಟ್ಟಿದರೆ ಗಟ್ಟಿಯಾಗಿರುತ್ತದೆ, ಆದರೆ ನೋವಾಗಲೀ ಕೆಂಪಾಗಲೀ ಇರುವುದಿಲ್ಲ. ಜಪಾನಿನ ತಜ್ಞರು 2008ರಲ್ಲಿ ರೂಪಿಸಿದ ಮಾನದಂಡದ ಪ್ರಕಾರ ಊತವು 3 ತಿಂಗಳಿಗಿಂತ ಹೆಚ್ಚು ಕಾಲ ಇರಬೇಕು ಮತ್ತು ಕಣ್ಣೀರಿನ ಗ್ರಂಥಿ, ಕಿವಿಯ ಮುಂದಿನ ಗ್ರಂಥಿ, ದವಡೆಯ ಕೆಳಗಿನ ಗ್ರಂಥಿ ಇವುಗಳಲ್ಲಿ ಕನಿಷ್ಠ ಎರಡು ಜೋಡಿಗಳಲ್ಲಿ ಕಂಡುಬರಬೇಕು. ಒಂದೇ ಬದಿಯ ಊತದಿಂದ ಆರಂಭವಾಗುವ ಪ್ರಕರಣಗಳೂ ಇವೆ. ಆದರೆ ಅಂತಹ ಸಂದರ್ಭದಲ್ಲಿ ವೈದ್ಯರು ಗೆಡ್ಡೆಯ ಸಾಧ್ಯತೆಯನ್ನು ಮೊದಲು ಪರಿಶೀಲಿಸುತ್ತಾರೆ.

ಊತದ ಜೊತೆಗೆ ಜ್ವರ, ರಾತ್ರಿ ಬೆವರುವಿಕೆ, ಕಾರಣವಿಲ್ಲದೆ ತೂಕ ಇಳಿಯುವುದು, ಮುಖದ ಒಂದು ಭಾಗ ಸೊಟ್ಟಗಾಗುವುದು, ದೃಷ್ಟಿ ಮಂಜಾಗುವುದು, ಒಂದಕ್ಕೆ ಎರಡಾಗಿ ಕಾಣುವುದು ಅಥವಾ ಗಂಟು ವಾರಗಳಲ್ಲಿ ವೇಗವಾಗಿ ಬೆಳೆಯುವುದು ಕಂಡುಬಂದಲ್ಲಿ ಮೂರು ತಿಂಗಳು ಕಾಯುವ ಪ್ರಶ್ನೆಯೇ ಇರುವುದಿಲ್ಲ. ಕೂಡಲೇ ಆಸ್ಪತ್ರೆಗೆ ತೋರಿಸತಕ್ಕದ್ದು.

ಹೆಸರಿನ ಹಿನ್ನೆಲೆ

ಹಳೆಯ ವರದಿಗಳಲ್ಲಿ ಒಂದು ಹೆಸರು, ಹೊಸ ವರದಿಗಳಲ್ಲಿ ಇನ್ನೊಂದು ಹೆಸರು ಕಂಡು ಗೊಂದಲಕ್ಕೊಳಗಾಗುವವರಿಗಾಗಿ ಈ ವಿವರ ನೀಡಲಾಗಿದೆ. ಆಗ ಪೂರ್ವ ಪ್ರಶ್ಯಾಕ್ಕೆ ಸೇರಿದ್ದ ಕೋನಿಗ್ಸ್‌ಬರ್ಗ್ ನಗರದಲ್ಲಿ (ಇಂದು ರಷ್ಯಾದ ಕಲಿನಿನ್‌ಗ್ರಾಡ್) ಶಸ್ತ್ರವೈದ್ಯ ಯೋಹಾನ್ ಫಾನ್ ಮಿಕುಲಿಚ್ ಅವರು 1888ರಲ್ಲಿ 42 ವರ್ಷದ ಒಬ್ಬ ರೈತನ ಪ್ರಕರಣವನ್ನು ವೈದ್ಯರ ಸಭೆಯ ಮುಂದಿಟ್ಟರು. ಆತನ ಕಣ್ಣೀರಿನ ಮತ್ತು ಲಾಲಾರಸ ಗ್ರಂಥಿಗಳು ಎರಡೂ ಬದಿಯಲ್ಲಿ ನೋವಿಲ್ಲದೆ ಊದಿಕೊಂಡಿದ್ದವು. ಈ ವಿವರಣೆ 1892ರಲ್ಲಿ ಪ್ರಕಟವಾಯಿತು. ಆನಂತರ ಯಾವುದೇ ಕಾರಣದಿಂದ ಈ ಗ್ರಂಥಿಗಳು ಊದಿಕೊಂಡರೂ ವೈದ್ಯರು ಅದೇ ಹೆಸರನ್ನು ಬರೆಯತೊಡಗಿದರು. ಕ್ಷಯ, ರಕ್ತದ ಕ್ಯಾನ್ಸರ್ ಮುಂತಾದ ಗೊತ್ತಿರುವ ಕಾರಣದಿಂದ ಬಂದ ಊತವನ್ನು ಮಿಕುಲಿಚ್ ಸಿಂಡ್ರೋಮ್ ಎಂದೂ, ಕಾರಣ ತಿಳಿಯದ್ದನ್ನು ಮಾತ್ರ ಮಿಕುಲಿಚ್ ಕಾಯಿಲೆ ಎಂದೂ ಬೇರ್ಪಡಿಸುವ ಪ್ರಯತ್ನ 1927ರಲ್ಲಿ ನಡೆಯಿತು.

ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ ಅವರು 1933ರಲ್ಲಿ ಕಣ್ಣು ಮತ್ತು ಬಾಯಿ ಒಣಗುವ ಕಾಯಿಲೆಯನ್ನು ವಿವರಿಸಿದರು. ಅಮೆರಿಕದ ಮಾರ್ಗನ್ ಮತ್ತು ಕಾಸಲ್‌ಮನ್ ಎಂಬ ತಜ್ಞರು 1953ರಲ್ಲಿ ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆಂದು ಅಭಿಪ್ರಾಯಪಟ್ಟ ಮೇಲೆ, ಸುಮಾರು ಅರ್ಧ ಶತಮಾನ ಕಾಲ ಮಿಕುಲಿಚ್ ಕಾಯಿಲೆಯನ್ನು ಶೋಗ್ರೆನ್ ಕಾಯಿಲೆಯ ಭಾಗವೆಂದೇ ಎಣಿಸಲಾಯಿತು. 2001ರಲ್ಲಿ ಜಪಾನಿನ ಸಂಶೋಧಕರು ಮೇದೋಜೀರಕ ಗ್ರಂಥಿಯ ಒಂದು ಬಗೆಯ ಸ್ವಪ್ರತಿರಕ್ಷಣಾ ಉರಿಯೂತದಲ್ಲಿ ರಕ್ತದ ಐಜಿಜಿ4 ಎಂಬ ಪ್ರತಿಕಾಯವು ಬಹಳ ಹೆಚ್ಚಾಗಿರುವುದನ್ನು ಕಂಡುಕೊಂಡರು. ಮುಂದಿನ ಕೆಲವೇ ವರ್ಷಗಳಲ್ಲಿ ಮಿಕುಲಿಚ್ ಕಾಯಿಲೆಯ ರೋಗಿಗಳಲ್ಲೂ ಇದೇ ಅಂಶ ಕಂಡುಬಂದು, ಅದು ಶೋಗ್ರೆನ್‌ಗಿಂತ ಬೇರೆಯದೇ ಕಾಯಿಲೆ ಎಂಬುದು ಸ್ಥಾಪಿತವಾಯಿತು. ಆದ್ದರಿಂದ ಹಳೆಯ ಚೀಟಿಯಲ್ಲಿ ಮಿಕುಲಿಚ್ ಎಂದು ಬರೆದಿದ್ದ ಮಾತ್ರಕ್ಕೆ ಇಂದಿನ ಅರ್ಥದಲ್ಲಿ ರೋಗ ನಿರ್ಣಯವಾಗಿದೆ ಎಂದು ಭಾವಿಸುವಂತಿಲ್ಲ.

ಇದೇ ರೀತಿ ಊತ ತರುವ ಇತರ ಕಾಯಿಲೆಗಳು

ಮಕ್ಕಳಲ್ಲಿ ಕಿವಿಯ ಮುಂದೆ ಹಠಾತ್ತನೆ ನೋವಿನೊಂದಿಗೆ ಬರುವ ಊತವು ಬಹುತೇಕ ಮಂಗನಬಾವು (ಕೆಪ್ಪಟೆ) ಆಗಿದ್ದು, ಒಂದೆರಡು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಊಟಕ್ಕೆ ಕುಳಿತಾಗ ದವಡೆಯ ಕೆಳಗೆ ಒಂದೇ ಕಡೆ ಊದಿಕೊಂಡು ನೋಯುತ್ತಿದ್ದರೆ ಲಾಲಾರಸದ ನಾಳದಲ್ಲಿ ಕಲ್ಲು ಇರುವ ಸಂಭವ ಹೆಚ್ಚು. ಸಕ್ಕರೆ ಕಾಯಿಲೆ, ದೀರ್ಘಕಾಲದ ಮದ್ಯಪಾನ ಮತ್ತು ಪೌಷ್ಟಿಕಾಂಶದ ಕೊರತೆಯಿಂದಲೂ ಕಿವಿಯ ಮುಂದಿನ ಗ್ರಂಥಿಗಳು ಮೆತ್ತಗೆ ದಪ್ಪಗಾಗುತ್ತವೆ.

ಹೆಚ್ಚು ಎಚ್ಚರಿಕೆ ಬೇಡುವುದು ಬೇರೊಂದು ಗುಂಪು. ಕ್ಷಯ, ಸಾರ್ಕಾಯ್ಡೋಸಿಸ್, ಎಚ್‌ಐವಿ ಸೋಂಕು, ಹೆಪಟೈಟಿಸ್ ಸಿ ಸೋಂಕು, ರಕ್ತನಾಳಗಳ ಉರಿಯೂತದ ಕೆಲವು ಕಾಯಿಲೆಗಳು ಹಾಗೂ ಲಿಂಫೋಮಾ ಎಂಬ ಕ್ಯಾನ್ಸರ್ ಇವೆಲ್ಲವೂ ಹೊರನೋಟಕ್ಕೆ ಮಿಕುಲಿಚ್ ಕಾಯಿಲೆಯಂತೆಯೇ ಕಾಣಬಲ್ಲವು. ಇವುಗಳ ಚಿಕಿತ್ಸೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ ಬೇರೆ. ಒಂದು ಕಾಯಿಲೆಗೆ ಔಷಧವಾಗುವುದು ಇನ್ನೊಂದಕ್ಕೆ ಅಪಾಯ ತರಬಹುದು. ಪರೀಕ್ಷೆಗಳ ಪಟ್ಟಿ ಉದ್ದವಾಗಿರುವುದು ಈ ಕಾರಣದಿಂದಲೇ.

ಶೋಗ್ರೆನ್ ಕಾಯಿಲೆಯಿಂದ ಇರುವ ವ್ಯತ್ಯಾಸ

ಶೋಗ್ರೆನ್ ಕಾಯಿಲೆಯು ಪುರುಷರಿಗಿಂತ ಮಹಿಳೆಯರಲ್ಲಿ ಹಲವು ಪಟ್ಟು ಹೆಚ್ಚು. ಇದರಲ್ಲಿ ಊತಕ್ಕಿಂತ ಒಣಗುವಿಕೆಯೇ ಮುಖ್ಯ ದೂರು. ಕಣ್ಣಿನಲ್ಲಿ ಮರಳು ಬಿದ್ದಂತಾಗುವುದು, ನೀರಿಲ್ಲದೆ ಚಪಾತಿ ಅಥವಾ ಅವಲಕ್ಕಿ ನುಂಗಲಾಗದಿರುವುದು, ಹಲ್ಲುಗಳು ಒಂದರ ಹಿಂದೊಂದು ಹುಳುಕಾಗುವುದು ಸಾಮಾನ್ಯ ಲಕ್ಷಣಗಳು. ಐಜಿಜಿ4 ಕಾಯಿಲೆ ಮಧ್ಯವಯಸ್ಸು ದಾಟಿದವರಲ್ಲಿ ಹೆಚ್ಚು. ಪುರುಷರೂ ಸಾಕಷ್ಟು ಸಂಖ್ಯೆಯಲ್ಲಿರುತ್ತಾರೆ. ಊತ ಎದ್ದುಕಾಣುತ್ತದೆ, ಒಣಗುವಿಕೆ ಇಲ್ಲವೇ ಇಲ್ಲ ಅಥವಾ ಅಲ್ಪವಾಗಿರುತ್ತದೆ. ಉಬ್ಬಸ, ಮೂಗಿನ ಅಲರ್ಜಿ ಮುಂತಾದವುಗಳ ಹಿನ್ನೆಲೆ ಹಲವರಲ್ಲಿ ಕಂಡುಬರುತ್ತದೆ.

ಕಣ್ಣೀರಿನ ಪ್ರಮಾಣವನ್ನು ಷಿರ್ಮರ್ ಪರೀಕ್ಷೆಯಿಂದ ಅಳೆಯಲಾಗುತ್ತದೆ. ಕೆಳರೆಪ್ಪೆಯ ಅಂಚಿನಲ್ಲಿ ಶೋಧಕ ಕಾಗದದ ಪಟ್ಟಿಯನ್ನು 5 ನಿಮಿಷ ಇರಿಸಿ ಎಷ್ಟು ಉದ್ದ ಒದ್ದೆಯಾಯಿತೆಂದು ನೋಡುತ್ತಾರೆ. 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಣ್ಣೀರು ಕಡಿಮೆ ಎಂದರ್ಥ. ಲಾಲಾರಸಕ್ಕೆ ಸಂಬಂಧಿಸಿ, ಏನನ್ನೂ ಅಗಿಯದೆ ಸುಮ್ಮನೆ ಕುಳಿತು ಬಾಯಲ್ಲಿ ಸೇರುವ ಜೊಲ್ಲನ್ನು ಅಳತೆಯ ಬಟ್ಟಲಿಗೆ ಉಗುಳಿಸಲಾಗುತ್ತದೆ, ನಿಮಿಷಕ್ಕೆ 0.1 ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ಅದು ಅಸಹಜ. ಈ ಎರಡೂ ಪರೀಕ್ಷೆಗಳಿಗೆ ದೊಡ್ಡ ಯಂತ್ರ ಬೇಕಿಲ್ಲ, ಖರ್ಚೂ ಅತ್ಯಲ್ಪ. ದುಬಾರಿ ಸ್ಕ್ಯಾನ್ ಮಾಡಿಸಿಕೊಂಡವರ ಕಡತಗಳಲ್ಲಿ ಇವೆರಡೇ ಇಲ್ಲದಿರುವುದು ಸೋಜಿಗ.

ರಕ್ತದಲ್ಲಿ ರೋ ಎಂಬ ಅಂಶದ ವಿರುದ್ಧದ ಪ್ರತಿಕಾಯ (ವರದಿಗಳಲ್ಲಿ ಎಸ್‌ಎಸ್‌ಎ ಎಂದೂ ನಮೂದಾಗಿರುತ್ತದೆ) ಇದ್ದರೆ ಶೋಗ್ರೆನ್ ಕಾಯಿಲೆಯ ಕಡೆಗೆ ತೂಕ ಬೀಳುತ್ತದೆ. 2016ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಈ ಪ್ರತಿಕಾಯಕ್ಕೆ 3 ಅಂಕ, ತುಟಿಯ ಕಿರುಗ್ರಂಥಿಯ ಬಯಾಪ್ಸಿಗೆ 3 ಅಂಕ, ಕಣ್ಣು ಮತ್ತು ಲಾಲಾರಸದ ಮೂರು ಪರೀಕ್ಷೆಗಳಿಗೆ ತಲಾ 1 ಅಂಕವಿದ್ದು, ಒಟ್ಟು 4 ಅಂಕ ಬಂದಲ್ಲಿ ಶೋಗ್ರೆನ್ ಎಂದು ವರ್ಗೀಕರಿಸಲಾಗುತ್ತದೆ. ಐಜಿಜಿ4 ಕಾಯಿಲೆ ಇದೆಯೆಂದು ತಿಳಿದವರನ್ನು ಈ ಲೆಕ್ಕದಿಂದ ಹೊರಗಿಡಲಾಗಿದೆ. ಹಾಗೆಯೇ ಐಜಿಜಿ4 ಕಾಯಿಲೆಯ 2019ರ ಮಾನದಂಡದಲ್ಲಿ ರೋ ಪ್ರತಿಕಾಯ ಇರುವವರನ್ನು ಹೊರಗಿಡಲಾಗಿದೆ.

ರಕ್ತ ಪರೀಕ್ಷೆ: ಐಜಿಜಿ4 ಅಂಕಿಯನ್ನು ಓದುವ ಬಗೆ

ಈ ವಿಷಯದಲ್ಲಿ ರೋಗಿಗಳ ಗೊಂದಲ ಹೆಚ್ಚಾಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ತಿಳಿಸಲಾಗಿದೆ. ರಕ್ತದ ಐಜಿಜಿ4 ಪ್ರಮಾಣವು ಪ್ರತಿ ಡೆಸಿಲೀಟರಿಗೆ 135 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಅದನ್ನು ಏರಿಕೆಯೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಕೆಲವು ಪ್ರಯೋಗಾಲಯಗಳು ಇದನ್ನು ಪ್ರತಿ ಲೀಟರಿಗೆ ಗ್ರಾಂ ಲೆಕ್ಕದಲ್ಲಿ ನೀಡುತ್ತವೆ. ಆಗ ಅದೇ ಮಿತಿ 1.35 ಆಗುತ್ತದೆ. ಒಂದು ಕಡೆ 270 ಎಂದೂ ಇನ್ನೊಂದು ಕಡೆ 2.7 ಎಂದೂ ಬಂದಲ್ಲಿ ಕಾಯಿಲೆ ಇಳಿಯಿತೆಂದು ಸಂತೋಷಪಡುವಂತಿಲ್ಲ, ಎರಡೂ ಒಂದೇ. ವರದಿಯಲ್ಲಿ ಅಂಕಿಯ ಪಕ್ಕದಲ್ಲಿರುವ ಅಳತೆಯ ಮಾನವನ್ನು ನೋಡಿಯೇ ಹೋಲಿಸತಕ್ಕದ್ದು. ಸಾಧ್ಯವಾದಲ್ಲಿ ಪ್ರತಿ ಬಾರಿಯೂ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಕಾಯಿಲೆ ಖಚಿತವಲ್ಲ. ಅಲರ್ಜಿ, ದೀರ್ಘಕಾಲದ ಸೋಂಕು, ಕೆಲವು ಕ್ಯಾನ್ಸರ್‌ಗಳು, ಅಷ್ಟೇಕೆ, ಯಾವ ಕಾಯಿಲೆಯೂ ಇಲ್ಲದ ಕೆಲವರಲ್ಲೂ ಐಜಿಜಿ4 ಹೆಚ್ಚಿರುತ್ತದೆ. ಅಂಕಿ ಸಹಜವಾಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದೂ ಹೇಳಲಾಗದು. ಬಯಾಪ್ಸಿಯಲ್ಲಿ ಕಾಯಿಲೆ ದೃಢಪಟ್ಟವರಲ್ಲಿಯೂ ಗಣನೀಯ ಭಾಗದವರ ರಕ್ತದ ಅಂಕಿ ಮಿತಿಯೊಳಗೇ ಇರುತ್ತದೆ. ಇನ್ನೊಂದು ತಾಂತ್ರಿಕ ವಿಷಯವಿದೆ. ರಕ್ತದಲ್ಲಿ ಐಜಿಜಿ4 ಅತಿಯಾಗಿದ್ದಾಗ ಕೆಲವು ಯಂತ್ರಗಳು ತದ್ವಿರುದ್ಧವಾಗಿ ಕಡಿಮೆ ಅಂಕಿ ತೋರಿಸುತ್ತವೆ. ಒಟ್ಟು ಐಜಿಜಿ ಬಹಳ ಹೆಚ್ಚಿದ್ದು ಐಜಿಜಿ4 ಮಾತ್ರ ಕಡಿಮೆ ಬಂದಲ್ಲಿ, ಮಾದರಿಯನ್ನು ಮತ್ತಷ್ಟು ತೆಳುವಾಗಿಸಿ ಪುನಃ ಅಳೆಯುವಂತೆ ವೈದ್ಯರ ಮೂಲಕ ಕೋರಬಹುದು.

ಲೆಕ್ಕಪತ್ರ ತಿಳಿದವರಿಗೆ ಇದು ಹೊಸದಲ್ಲ: ಒಂದು ರಶೀದಿಯಿಂದ ಖಾತೆ ತಾಳೆಯಾಗುವುದಿಲ್ಲ. ಆದ್ದರಿಂದ ಇದರೊಂದಿಗೆ ಸಂಪೂರ್ಣ ರಕ್ತಕಣಗಳ ಎಣಿಕೆ, ಇಯೋಸಿನೋಫಿಲ್ ಕಣಗಳ ಪ್ರಮಾಣ, ರಕ್ತದ ಸಿ3 ಮತ್ತು ಸಿ4, ರೋ ಮತ್ತು ಲಾ ಪ್ರತಿಕಾಯಗಳು, ಎಎನ್‌ಸಿಎ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಮೂತ್ರಪಿಂಡ ಹಾಗೂ ಯಕೃತ್ತಿನ ಕಾರ್ಯಪರೀಕ್ಷೆ, ಮೂತ್ರ ಪರೀಕ್ಷೆ ಮತ್ತು ಎದೆಯ ಎಕ್ಸ್-ರೇ ಅಗತ್ಯಕ್ಕೆ ತಕ್ಕಂತೆ ಮಾಡಿಸಲಾಗುತ್ತದೆ. ಎಲ್ಲ ರೋಗಿಗಳಿಗೂ ಎಲ್ಲವೂ ಬೇಕೆಂದಿಲ್ಲ.

ಗ್ರಂಥಿಗಳ ಅಲ್ಟ್ರಾಸೌಂಡ್ ಅಗ್ಗವಾದ ಹಾಗೂ ಉಪಯುಕ್ತ ಪರೀಕ್ಷೆ. ಕಣ್ಣುಗೂಡಿನ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್‌ನಲ್ಲಿ ಕಣ್ಣೀರಿನ ಗ್ರಂಥಿಯ ಜೊತೆಗೆ ಕಣ್ಣಿನ ಕೆಳಗೆ ಹಾಯುವ ನರವೂ ದಪ್ಪವಾಗಿದ್ದಲ್ಲಿ ಅದು ಐಜಿಜಿ4 ಕಾಯಿಲೆಯತ್ತ ಬೆರಳು ತೋರುವ ಒಂದು ಸುಳಿವು. ಆದರೆ ಸ್ಕ್ಯಾನ್‌ನ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಅದು ಬಯಾಪ್ಸಿಯ ಸ್ಥಾನ ತುಂಬುವುದಿಲ್ಲ.

ಬಯಾಪ್ಸಿ

ಬಯಾಪ್ಸಿ ಎಂಬ ಪದ ಕೇಳಿದೊಡನೆ ಕ್ಯಾನ್ಸರ್ ಇದೆಯೆಂದು ಭಾವಿಸುವವರು, ಕತ್ತರಿ ತಾಗಿದರೆ ಗಂಟು ಹರಡುತ್ತದೆಂದು ಹೆದರಿ ಆಸ್ಪತ್ರೆಯಿಂದ ಹಿಂದಿರುಗುವವರು ಈಗಲೂ ಇದ್ದಾರೆ. ಬಯಾಪ್ಸಿಯು ಊತದ ಕಾರಣ ತಿಳಿಯುವ ಪರೀಕ್ಷೆ ಮಾತ್ರ. ಈ ಕಾಯಿಲೆಯಲ್ಲಿ, ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸುವ ದಾರಿಯೂ ಅದೇ.

ಸೂಜಿಯಿಂದ ಕೋಶಗಳನ್ನು ಹೀರಿ ತೆಗೆಯುವ ಎಫ್‌ಎನ್‌ಎಸಿ ಪರೀಕ್ಷೆಯು ಸುಲಭವಾಗಿದ್ದು, ಕ್ಷಯ ಅಥವಾ ಅನುಮಾನಾಸ್ಪದ ಕೋಶಗಳನ್ನು ಗುರುತಿಸಲು ಸಹಾಯಕ. ಆದರೆ ಅದರಲ್ಲಿ ಬಿಡಿ ಕೋಶಗಳು ಮಾತ್ರ ದೊರೆಯುತ್ತವೆ, ಗ್ರಂಥಿಯ ಒಳರಚನೆ ಕಾಣುವುದಿಲ್ಲ. ಐಜಿಜಿ4 ಕಾಯಿಲೆಯ ನಿರ್ಣಯ ನಿಂತಿರುವುದು ಈ ರಚನೆಯ ಮೇಲೆಯೇ. ಆದುದರಿಂದ ಎಫ್‌ಎನ್‌ಎಸಿ ವರದಿಯಲ್ಲಿ ವಿಶೇಷವೇನೂ ಇಲ್ಲ ಎಂದಿದ್ದರೆ ಪರೀಕ್ಷೆ ಮುಗಿಯಿತೆಂದು ತಿಳಿಯಬಾರದು.

ಎಲ್ಲಿಂದ ತುಣುಕು ತೆಗೆಯಬೇಕೆಂಬುದನ್ನು ಶಸ್ತ್ರವೈದ್ಯರು ತೀರ್ಮಾನಿಸುತ್ತಾರೆ. ದವಡೆಯ ಕೆಳಗಿನ ಗ್ರಂಥಿ ಊದಿಕೊಂಡಿದ್ದಲ್ಲಿ ಅದು ಉತ್ತಮ ಸ್ಥಳ. ಕಣ್ಣೀರಿನ ಗ್ರಂಥಿಯಲ್ಲಿ ಒಳಗಿನ ಹಾಲೆಯಿಂದ ತುಣುಕು ತೆಗೆಯಲಾಗುತ್ತದೆ. ರೆಪ್ಪೆಯ ಕಡೆಗಿರುವ ಹಾಲೆಯ ಮೂಲಕ ಕಣ್ಣೀರಿನ ನಾಳಗಳು ಹಾಯುವುದರಿಂದ ಅದಕ್ಕೆ ಪೆಟ್ಟಾದರೆ ಕಣ್ಣು ಒಣಗುವ ಅಪಾಯವಿದೆ. ಕಿವಿಯ ಮುಂದಿನ ಗ್ರಂಥಿಯ ನಡುವೆ ಮುಖದ ಸ್ನಾಯುಗಳನ್ನು ನಡೆಸುವ ನರ ಹಾಯುತ್ತದೆ, ಅಲ್ಲಿ ಹೆಚ್ಚಿನ ಎಚ್ಚರ ಬೇಕು. ತುಟಿಯ ಒಳಗಿನ ಕಿರುಗ್ರಂಥಿಯ ಬಯಾಪ್ಸಿ ಅತಿ ಸರಳ. ಸ್ಥಳೀಯ ಅರಿವಳಿಕೆಯಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಶೋಗ್ರೆನ್ ಕಾಯಿಲೆಗೆ ಅದೇ ಸೂಕ್ತ ಪರೀಕ್ಷೆ. ಐಜಿಜಿ4 ಕಾಯಿಲೆಯಲ್ಲಿ ಮಾತ್ರ ತುಟಿಯ ತುಣುಕು ಹಲವು ಸಲ ಏನನ್ನೂ ತೋರಿಸದಿರಬಹುದು. ಹೀಗಾದಾಗ ಊದಿಕೊಂಡ ಗ್ರಂಥಿಯಿಂದಲೇ ಎರಡನೇ ಬಯಾಪ್ಸಿ ಬೇಕಾಗುತ್ತದೆ. ಇದು ಮೊದಲ ವೈದ್ಯರ ಲೋಪವಲ್ಲ, ಕಾಯಿಲೆಯ ಸ್ವಭಾವ.

ರೋಗಶಾಸ್ತ್ರ ತಜ್ಞರು ಸೂಕ್ಷ್ಮದರ್ಶಕದಲ್ಲಿ ಮುಖ್ಯವಾಗಿ ಮೂರು ಅಂಶಗಳನ್ನು ಹುಡುಕುತ್ತಾರೆ. ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳ ದಟ್ಟಣೆ ಮೊದಲನೆಯದು. ಚಾಪೆಯ ಹೆಣಿಗೆಯಂತೆ ಸುತ್ತುಸುತ್ತಾಗಿ ಹಬ್ಬಿದ ನಾರುಗಟ್ಟುವಿಕೆ ಎರಡನೆಯದು. ಸಣ್ಣ ಅಭಿಧಮನಿಗಳು ಉರಿಯೂತದಿಂದ ಮುಚ್ಚಿಹೋಗಿರುವುದು ಮೂರನೆಯದು; ಕಣ್ಣೀರಿನ ಗ್ರಂಥಿಯಲ್ಲಿ ಈ ಕೊನೆಯ ಅಂಶ ಕಾಣದೇ ಇರಬಹುದು. ಬಳಿಕ ವಿಶೇಷ ಬಣ್ಣದ ಪರೀಕ್ಷೆಯಿಂದ ಐಜಿಜಿ4 ಪ್ಲಾಸ್ಮಾ ಕೋಶಗಳನ್ನು ಎಣಿಸಲಾಗುತ್ತದೆ. 2012ರಲ್ಲಿ ಪ್ರಕಟವಾದ ತಜ್ಞರ ಒಮ್ಮತದ ಹೇಳಿಕೆಯ ಪ್ರಕಾರ ಕಣ್ಣೀರಿನ ಮತ್ತು ಲಾಲಾರಸ ಗ್ರಂಥಿಗಳಲ್ಲಿ ಸೂಕ್ಷ್ಮದರ್ಶಕದ ಒಂದು ಉನ್ನತ ವರ್ಧನೆಯ ನೋಟದಲ್ಲಿ 100ಕ್ಕಿಂತ ಹೆಚ್ಚು ಇಂತಹ ಕೋಶಗಳಿದ್ದು, ಒಟ್ಟು ಐಜಿಜಿ ಕೋಶಗಳಲ್ಲಿ ಅವುಗಳ ಪಾಲು ಶೇ. 40ಕ್ಕಿಂತ ಹೆಚ್ಚಿದ್ದರೆ ಅದು ಬಲವಾದ ಆಧಾರ. ಈ ಬಣ್ಣದ ಪರೀಕ್ಷೆ ಎಲ್ಲ ಪ್ರಯೋಗಾಲಯಗಳಲ್ಲಿ ತಾನಾಗಿ ನಡೆಯುವುದಿಲ್ಲ. ಕೋರಿಕೆ ಪತ್ರದಲ್ಲಿ ವೈದ್ಯರು ಐಜಿಜಿ4 ಕಾಯಿಲೆಯ ಅನುಮಾನವಿದೆ ಎಂದು ಬರೆದಿದ್ದರೆ ಮಾತ್ರ ಅದನ್ನು ಮಾಡುವ ರೂಢಿಯಿರುವುದರಿಂದ, ಬಯಾಪ್ಸಿಗೆ ಮುನ್ನ ಈ ಬಗ್ಗೆ ವಿಚಾರಿಸುವುದು ಸೂಕ್ತ. ಲಿಂಫೋಮಾದ ಅನುಮಾನವಿದ್ದಲ್ಲಿ ತುಣುಕಿನ ಒಂದು ಭಾಗವನ್ನು ಫಾರ್ಮಲಿನ್‌ಗೆ ಹಾಕದೆ ತಾಜಾ ಸ್ಥಿತಿಯಲ್ಲಿ ಕಳುಹಿಸಬೇಕಾಗಬಹುದು, ಅದನ್ನೂ ಮೊದಲೇ ಗೊತ್ತುಪಡಿಸಿಕೊಳ್ಳಬೇಕು.

ಸ್ಟಿರಾಯ್ಡ್ ಏಕೆ ಮೊದಲು ಬೇಡ

ಐಜಿಜಿ4 ಕಾಯಿಲೆಯ ಊತವು ಸ್ಟಿರಾಯ್ಡ್‌ನಿಂದ ಕೆಲವೇ ವಾರಗಳಲ್ಲಿ ಕಣ್ಣಿಗೆ ಕಾಣುವಂತೆ ಇಳಿಯುತ್ತದೆ. ಈ ಗುಣದಿಂದಲೇ ಗೊಂದಲ ಹುಟ್ಟುತ್ತದೆ. ಔಷಧಿ ಕೊಟ್ಟು ನೋಡೋಣ, ಇಳಿದರೆ ಇದೇ ಕಾಯಿಲೆ ಎಂಬ ತರ್ಕ ಸರಳವಾಗಿ ಕಂಡರೂ ಸರಿಯಲ್ಲ. ಲಿಂಫೋಮಾದ ಗಂಟೂ ಸ್ಟಿರಾಯ್ಡ್‌ಗೆ ತಾತ್ಕಾಲಿಕವಾಗಿ ಕರಗುತ್ತದೆ. ಸಾರ್ಕಾಯ್ಡೋಸಿಸ್ ಕೂಡ ಇಳಿಯುತ್ತದೆ. ಹೀಗೆ ಕರಗಿದ ಮೇಲೆ ತೆಗೆದ ತುಣುಕಿನಲ್ಲಿ ಮೂಲ ಕಾಯಿಲೆಯ ಗುರುತು ಅಳಿಸಿಹೋಗಿರುತ್ತದೆ. ರಕ್ತದ ಐಜಿಜಿ4 ಅಂಕಿಯೂ ಇಳಿದಿರುತ್ತದೆ. ಕೆಲವು ತಿಂಗಳ ನಂತರ ಗಂಟು ಮರಳಿದಾಗ ರೋಗಿಯು ಮೊದಲಿನ ಸ್ಥಾನಕ್ಕೇ ಬಂದಿರುತ್ತಾನೆ. ಅಷ್ಟರಲ್ಲಿ ಕ್ಯಾನ್ಸರ್ ಆಗಿದ್ದಲ್ಲಿ ಅಮೂಲ್ಯ ಸಮಯ ಕಳೆದುಹೋಗಿರುತ್ತದೆ.

ನಮ್ಮ ದೇಶಕ್ಕೆ ಸಂಬಂಧಿಸಿದಂತೆ ಕ್ಷಯದ ಪ್ರಶ್ನೆ ಇನ್ನೂ ದೊಡ್ಡದು. ಗ್ರಂಥಿಯ ಊತವೇ ಕ್ಷಯದಿಂದ ಬಂದಿದ್ದರೆ ಸ್ಟಿರಾಯ್ಡ್ ಮಾತ್ರ ನೀಡುವುದರಿಂದ ಸೋಂಕು ಹರಡುತ್ತದೆ. ದೇಹದಲ್ಲಿ ಸುಪ್ತವಾಗಿದ್ದ ಕ್ಷಯವೂ ದೀರ್ಘಕಾಲದ ಸ್ಟಿರಾಯ್ಡ್‌ನಿಂದ ಎಚ್ಚರಗೊಳ್ಳಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಸಕ್ಕರೆ ಅಂಶ ಏರುತ್ತದೆ. ಹೆಪಟೈಟಿಸ್ ಬಿ ವೈರಾಣು ಇರುವವರಲ್ಲಿ ಅದು ಮರುಕಳಿಸುವ ಅಪಾಯವಿದೆ. ರಿಟುಕ್ಸಿಮಾಬ್ ಔಷಧಿ ನೀಡುವ ಮುನ್ನ ಈ ಪರೀಕ್ಷೆ ಕಡ್ಡಾಯ. ಆದುದರಿಂದ ಬಯಾಪ್ಸಿ ಮುಗಿದ ಬಳಿಕವೂ ಚಿಕಿತ್ಸೆ ಆರಂಭಿಸುವ ಮುನ್ನ ಈ ಎಲ್ಲವನ್ನೂ ಪರೀಕ್ಷಿಸಲಾಗುತ್ತದೆ.

ಈಗಾಗಲೇ ಸ್ಟಿರಾಯ್ಡ್ ಸೇವಿಸುತ್ತಿರುವವರು ಈ ಪುಟವನ್ನು ಓದಿ ಅದನ್ನು ತಾವಾಗಿಯೇ ನಿಲ್ಲಿಸಬಾರದು. ಹಲವು ವಾರ ಸೇವಿಸಿದ ನಂತರ ಥಟ್ಟನೆ ನಿಲ್ಲಿಸುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ದಿನಾಂಕದಿಂದ ಎಂಬುದನ್ನು ಬರೆದುಕೊಂಡು ವೈದ್ಯರಿಗೆ ತಿಳಿಸತಕ್ಕದ್ದು. ಹೆಸರು ಗೊತ್ತಿಲ್ಲದಿದ್ದಲ್ಲಿ ಮಾತ್ರೆಯ ಖಾಲಿ ಪಟ್ಟಿಯನ್ನೇ ಕೊಂಡೊಯ್ಯಬಹುದು. ಬಿಳಿ ಚೀಟಿಯಲ್ಲಿ ಕಟ್ಟಿಕೊಟ್ಟ, ಹೆಸರಿಲ್ಲದ ಪುಡಿ ಅಥವಾ ಮಾತ್ರೆಯಿಂದ ಊತ ಎರಡು ದಿನಗಳಲ್ಲಿ ಇಳಿದಿದ್ದರೆ ಅದರಲ್ಲಿ ಸ್ಟಿರಾಯ್ಡ್ ಇರುವ ಸಾಧ್ಯತೆಯನ್ನು ವೈದ್ಯರ ಗಮನಕ್ಕೆ ತರಬೇಕು.

ಇತರ ಅಂಗಗಳ ತಪಾಸಣೆ

ಈ ಕಾಯಿಲೆಯು ಮುಖಕ್ಕೆ ಸೀಮಿತವಲ್ಲ. ಮೇದೋಜೀರಕ ಗ್ರಂಥಿ, ಪಿತ್ತನಾಳ, ಮೂತ್ರಪಿಂಡ, ಶ್ವಾಸಕೋಶ, ಹೊಟ್ಟೆಯ ಹಿಂಭಾಗದಲ್ಲಿ ಮಹಾಪಧಮನಿಯ ಸುತ್ತಲಿನ ಭಾಗಗಳಲ್ಲಿ ಸದ್ದಿಲ್ಲದೆ ಬೆಳೆದಿರಬಹುದು. ಕಾಮಾಲೆ ಅಥವಾ ಹೊಸದಾಗಿ ಸಕ್ಕರೆ ಕಾಯಿಲೆ ಕಂಡುಬಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕದ ಗೆಡ್ಡೆಯೆಂದು ಶಂಕಿಸಲಾದ ಪ್ರಕರಣಗಳಲ್ಲಿ ಕೆಲವು ಐಜಿಜಿ4 ಕಾಯಿಲೆಯಾಗಿರುತ್ತವೆ. ರೆಪ್ಪೆಯ ಊತ ಇರುವುದನ್ನು ಹೊಟ್ಟೆಯ ವೈದ್ಯರಿಗೂ, ಹೊಟ್ಟೆಯ ತೊಂದರೆಯನ್ನು ಕಣ್ಣಿನ ವೈದ್ಯರಿಗೂ ತಿಳಿಸುವುದು ರೋಗಿಯೇ ಮಾಡಬಹುದಾದ ದೊಡ್ಡ ಸಹಾಯ.

ಎಲ್ಲಿ ತೋರಿಸಬೇಕು, ಯಾವ ದಾಖಲೆ ಬೇಕು

ಮೊದಲಿಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಅಥವಾ ಕಿವಿ, ಮೂಗು, ಗಂಟಲು ವಿಭಾಗಕ್ಕೆ ತೋರಿಸಬಹುದು. ಅಲ್ಲಿಂದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಕಣ್ಣಿನ ವೈದ್ಯರು, ಶಸ್ತ್ರವೈದ್ಯರು, ರೋಗಶಾಸ್ತ್ರ ತಜ್ಞರು ಮತ್ತು ಸಂಧಿವಾತ ತಜ್ಞರು ಅಥವಾ ಸಾಮಾನ್ಯ ವೈದ್ಯಕೀಯ ತಜ್ಞರು ಒಟ್ಟಾಗಿ ನೋಡಬೇಕಾದ ಕಾಯಿಲೆ ಇದಾಗಿರುವುದರಿಂದ, ಎಲ್ಲ ವಿಭಾಗಗಳೂ ಒಂದೇ ಆವರಣದಲ್ಲಿರುವ ಆಸ್ಪತ್ರೆಯಲ್ಲಿ ಓಡಾಟ ಕಡಿಮೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಪಡಿತರ ಚೀಟಿದಾರ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸಾ ನೆರವು ನಿಗದಿಯಾಗಿದೆ. ಯೋಜನೆಯು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ ಅನ್ವಯಿಸುವುದರಿಂದ, ಹೊರರೋಗಿಯಾಗಿ ಖಾಸಗಿ ಪ್ರಯೋಗಾಲಯದಲ್ಲಿ ಮಾಡಿಸಿದ ಐಜಿಜಿ4 ಪರೀಕ್ಷೆಯ ವೆಚ್ಚ ಮರುಪಾವತಿಯಾಗುತ್ತದೆಂದು ನಿರೀಕ್ಷಿಸಬಾರದು. ತುರ್ತು ಸಂದರ್ಭ ಹೊರತುಪಡಿಸಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಬಯಾಪ್ಸಿ ಮತ್ತು ಚಿಕಿತ್ಸೆ ಯಾವ ಪ್ಯಾಕೇಜಿನಡಿ ಬರುತ್ತದೆಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಿಂದ ಖಚಿತಪಡಿಸಿಕೊಳ್ಳತಕ್ಕದ್ದು; ದಾಖಲಾದ ಮೇಲೆ ವಿಚಾರಿಸುವುದರಿಂದ ಅನೇಕರಿಗೆ ಅನಗತ್ಯ ಅಲೆದಾಟವಾಗುತ್ತದೆ.

ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರಲ್ಲಿ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಿಕುಲಿಚ್, ಐಜಿಜಿ4 ಅಥವಾ ಶೋಗ್ರೆನ್ ಕಾಯಿಲೆಯ ಹೆಸರು ಇಲ್ಲ. ಕಾಯಿಲೆಯ ಹೆಸರಿನ ಆಧಾರದಲ್ಲಿ ಪ್ರಮಾಣಪತ್ರ ಕೋರಿದರೆ ಅರ್ಜಿ ತಿರಸ್ಕೃತವಾಗುವ ಸಂಭವವೇ ಹೆಚ್ಚು. ಕಾಯಿಲೆಯಿಂದ ಶಾಶ್ವತ ದೃಷ್ಟಿದೋಷ ಉಂಟಾಗಿದ್ದಲ್ಲಿ ದೃಷ್ಟಿದೋಷದ ವರ್ಗದಡಿಯಲ್ಲಿಯೇ ಅರ್ಜಿ ಸಲ್ಲಿಸತಕ್ಕದ್ದು.

ದಾಖಲೆಗಳ ಪೈಕಿ ಬಯಾಪ್ಸಿ ವರದಿಯ ಮೂಲ ಪ್ರತಿಯನ್ನು ಎಂದಿಗೂ ಯಾರಿಗೂ ಕೊಡಬಾರದು, ದೃಢೀಕೃತ ನಕಲನ್ನು ಮಾತ್ರ ಲಗತ್ತಿಸಬೇಕು. ವರದಿಯಷ್ಟೇ ಮುಖ್ಯವಾದುದು ಮೇಣದ ಅಚ್ಚಿನಲ್ಲಿ ಸಂರಕ್ಷಿಸಿದ ತುಣುಕು. ಆಸ್ಪತ್ರೆಗಳಲ್ಲಿ ಇದನ್ನು ಬ್ಲಾಕ್ ಎನ್ನುತ್ತಾರೆ. ಬೇರೆ ತಜ್ಞರ ಅಭಿಪ್ರಾಯ ಪಡೆಯಬೇಕಾದಾಗ ಅಥವಾ ಐಜಿಜಿ4 ಬಣ್ಣದ ಪರೀಕ್ಷೆ ಬಿಟ್ಟುಹೋಗಿದ್ದಾಗ ರೋಗಿಯನ್ನು ಮತ್ತೆ ಕತ್ತರಿಸುವ ಅಗತ್ಯವಿಲ್ಲದೆ ಇದೇ ಬ್ಲಾಕ್‌ನಿಂದ ಹೊಸ ಪರೀಕ್ಷೆ ಮಾಡಬಹುದು. ವರದಿಯ ಮೇಲಿರುವ ಬಯಾಪ್ಸಿ ಸಂಖ್ಯೆಯನ್ನು ನಮೂದಿಸಿ ಲಿಖಿತ ಅರ್ಜಿ ಸಲ್ಲಿಸಿದಲ್ಲಿ ಬ್ಲಾಕ್ ಮತ್ತು ಸ್ಲೈಡುಗಳನ್ನು ಪಡೆಯುವ ವ್ಯವಸ್ಥೆ ಆಸ್ಪತ್ರೆಗಳಲ್ಲಿರುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ವಿನಿಯಮಗಳ ಅನ್ವಯ ಒಳರೋಗಿಯ ವೈದ್ಯಕೀಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನಾಂಕದಿಂದ 3 ವರ್ಷ ಕಾಯ್ದಿಡಬೇಕಾಗಿದ್ದು, ರೋಗಿ ಅಥವಾ ಅಧಿಕೃತ ಸಹಾಯಕರು ಕೋರಿದಲ್ಲಿ 72 ಗಂಟೆಗಳೊಳಗಾಗಿ ನೀಡಬೇಕಾಗಿದೆ. ಅರ್ಜಿಯ ಎರಡು ಪ್ರತಿಗಳನ್ನು ಕೊಂಡೊಯ್ದು, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಂಡು ಹಿಂದಿರುಗತಕ್ಕದ್ದು. ಕಾಯಿಲೆಯು ವರ್ಷಗಳ ನಂತರವೂ ಮರುಕಳಿಸಬಹುದಾದುದರಿಂದ ಮೂರು ವರ್ಷ ತುಂಬುವ ಮೊದಲೇ ನಕಲುಗಳನ್ನು ಪಡೆದಿಟ್ಟುಕೊಳ್ಳುವುದು ಸೂಕ್ತ.